ಗೊತ್ತಪ್ಪನವರ ಕಾರಿನ ಲೀಕೇಜು

ಅವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಆ ಹೆಸರು ಈಗ ಅಂಗಡಿಯ ಬೋರ್ಡಿನ ಮೇಲೆ, ಅದೂ ಅರ್ಧ ಬಣ್ಣ ಹೋದ ಸ್ಥಿತಿಯಲ್ಲಿ ಮಾತ್ರ ಉಳಿದಿತ್ತು. ಬೀದಿಯವರ ಬಾಯಲ್ಲಿ ಅವರು ಗೊತ್ತಪ್ಪನವರು. ಯಾರು ಏನು ಹೇಳಲು ಬಾಯಿ ತೆರೆದರೂ ಅರ್ಧ ವಾಕ್ಯಕ್ಕೇ “ಗೊತ್ತು, ಗೊತ್ತು” ಎಂದು ತಲೆಯಾಡಿಸುವುದು ಅವರ ಅಭ್ಯಾಸ. ಅವರದು ಕನ್ನಡಕದ ಅಂಗಡಿ. ಗಿರಾಕಿ ಬಂದು “ನಂಗೆ ದೂರದ್ದು...” ಅನ್ನುವಷ್ಟರಲ್ಲಿ ಇವರು “ಗೊತ್ತು, ಕಾಣಿಸಲ್ಲ” ಅನ್ನುತ್ತಿದ್ದರು. “ಇಲ್ಲ, ದೂರದ್ದು ಚೆನ್ನಾಗೇ ಕಾಣುತ್ತೆ, ಹತ್ತಿರದ್ದೇ ತೊಂದರೆ” ಎಂದು ಗಿರಾಕಿ ತಿದ್ದಿದರೆ, “ಅದೂ ಗೊತ್ತು” ಎಂದು ಬೇರೆ ಡಬ್ಬಿ ತೆಗೆಯುತ್ತಿದ್ದರು. ಕನ್ನಡಕ ಮಾತ್ರ ಸರಿಯಾಗಿಯೇ ಮಾಡಿಕೊಡುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ.

ಇಂಥ ಗೊತ್ತಪ್ಪನವರು ಒಂದು ಹಳೆಯ ಕಾರು ಕೊಂಡರು. ಊರು ಬಿಟ್ಟು ಹೋಗುತ್ತಿದ್ದ ಹಲ್ಲಿನ ಡಾಕ್ಟರೊಬ್ಬರು ಮಾರಿದ್ದು. ಹಲ್ಲಿನ ಡಾಕ್ಟರ ಗಾಡಿಯಾದ್ದರಿಂದ ಒಳಗೆ ಲವಂಗದೆಣ್ಣೆಯ ಸಣ್ಣ ವಾಸನೆ ಇತ್ತು, ಹೊರಗೆ ಯಾವ ಹುಳುಕೂ ಇರಲಿಲ್ಲ. ಅಂಗಡಿಗೆ ನಡೆದೇ ಹೋಗುವಷ್ಟು ದೂರ. ಹಾಗಾಗಿ ಕಾರಿಗೆ ವಾರದಲ್ಲಿ ಆರು ದಿನ ರಜೆ, ಭಾನುವಾರ ಮಾತ್ರ ಡ್ಯೂಟಿ. ಮಿಕ್ಕ ದಿನ ಅದು ಮನೆಯ ಗೋಡೆಗೆ ಮೂತಿ ಒತ್ತಿಕೊಂಡು, ಬೀದಿದೀಪದ ಕಂಬದ ಬುಡದಲ್ಲಿ ನಿಂತಿರುತ್ತಿತ್ತು.

ಮೊದಲನೆಯ ಭಾನುವಾರವೇ ಅದು ಕೈಕೊಟ್ಟಿತು. ಅಕ್ಕನ ಮನೆಗೆ ಹೋಗಬೇಕೆಂದು ತಾಯಿ ಮುಂದಿನ ಸೀಟಿನಲ್ಲಿ, ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು ಕೂದಲು ಸರಿಮಾಡಿಕೊಂಡಾಗಿತ್ತು. ಗೊತ್ತಪ್ಪನವರು ಕೀಲಿ ತಿರುಗಿಸಿದರು. ಗಾಡಿ “ಟಿಕ್” ಅಂದಿತು. ಮತ್ತೆ ತಿರುಗಿಸಿದರು. ಮತ್ತೆ “ಟಿಕ್”. ಅಷ್ಟರಲ್ಲಿ ಪಕ್ಕದ ಮನೆಯ ಗೇಟಿನ ಮೇಲೆ ಎರಡು ಮೊಣಕೈ ಕಾಣಿಸಿಕೊಂಡವು. ಅವು ನಿವೃತ್ತ ಪೋಸ್ಟ್ ಮಾಸ್ಟರವು. ಬೀದಿಯಲ್ಲಿ ಏನೇ ನಡೆದರೂ ಆ ಮೊಣಕೈಗಳು ಮೊದಲು ಬರುತ್ತಿದ್ದವು, ಅವರು ಆಮೇಲೆ.

“ಏನಾಯ್ತು ಸ್ವಾಮಿ?”

ಏನಾಯಿತೆಂದು ಗೊತ್ತಪ್ಪನವರಿಗೆ ಹೇಗೆ ತಿಳಿಯಬೇಕು? ಆದರೆ ಆ ಮಾತು ಅವರ ಬಾಯಿಂದ ಬಂದ ದಾಖಲೆಯೇ ಇಲ್ಲ. ಅವರು ಬಾನೆಟ್ ಎತ್ತಿ, ಒಳಗೆ ಒಂದು ಗಳಿಗೆ ಗಂಭೀರವಾಗಿ ನೋಡಿ, ಮುಚ್ಚಿ, ಕೈ ಒರೆಸಿಕೊಂಡು ಹೇಳಿದರು: “ಲೀಕೇಜು.”

“ನೀರಾ?”

“ಅಲ್ಲ. ಕರೆಂಟು. ಕರೆಂಟು ಲೀಕ್ ಆಗ್ತಿದೆ.”

ಪೋಸ್ಟ್ ಮಾಸ್ಟರ ಮೊಣಕೈಗಳು ಕಬ್ಬಿಣದ ಗೇಟಿನಿಂದ ಮೆಲ್ಲಗೆ ಮೇಲೆದ್ದವು.

ಅವತ್ತು ಬೀದಿಯವರೆಲ್ಲ ಸೇರಿ ತಳ್ಳಿ ಗಾಡಿಯನ್ನು ಎಬ್ಬಿಸಿದರು. ಅಕ್ಕನ ಮನೆಗೂ ಹೋಗಿಬಂದದ್ದಾಯಿತು. ಆದರೆ ಮುಂದಿನ ಭಾನುವಾರ ಮತ್ತೆ ಅದೇ ಟಿಕ್. ಗೊತ್ತಪ್ಪನವರು ಹೊಸ ಬ್ಯಾಟರಿ ಹಾಕಿಸಿದರು. ಹೊಸ ಬ್ಯಾಟರಿ ಮೂರು ದಿನ ಗಂಡಸಿನ ಹಾಗೆ ನಿಂತು ನಾಲ್ಕನೆಯ ದಿನ ಮಲಗಿಬಿಟ್ಟಿತು. ಬ್ಯಾಟರಿ ಅಂಗಡಿಯವನು ಚಾರ್ಜ್ ಮಾಡಿಕೊಟ್ಟ, ಮತ್ತೆ ಮಲಗಿತು. ತಳ್ಳುವವರ ಉತ್ಸಾಹವೂ ಬ್ಯಾಟರಿಯ ಹಾಗೇ ಇಳಿಯುತ್ತ ಬಂತು. ಮೊದಲು ಎಂಟು ಜನ ಬರುತ್ತಿದ್ದರು, ಆಮೇಲೆ ಐದು, ಆಮೇಲೆ ಗಾಡಿಯ ಬಾಗಿಲ ಸದ್ದು ಕೇಳಿದರೆ ಸಾಕು, ಬೀದಿಯ ಗಂಡಸರಿಗೆಲ್ಲ ಒಟ್ಟಿಗೆ ಸ್ನಾನದ ನೆನಪಾಗುತ್ತಿತ್ತು.

ಆದರೆ ಲೀಕೇಜಿನ ಸುದ್ದಿ ಮಾತ್ರ ಯಾರೂ ತಳ್ಳದೆಯೇ ಓಡಿತು. ಲೀಕ್ ಆದ ನೀರು ರಸ್ತೆಗೆ ಹರಿಯುತ್ತದೆ. ಲೀಕ್ ಆದ ಕರೆಂಟು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯನ್ನು ಮೊದಲು ಎತ್ತಿದವರು ಎದುರು ಮನೆಯ ಟೈಲರಮ್ಮ. ಅವರ ಹೊಲಿಗೆ ಯಂತ್ರದ ಮೋಟರು ಆ ವಾರ ಒಂದೆರಡು ಸಲ ಬೆರಳಿಗೆ ಚುರ್ ಅನ್ನಿಸಿತ್ತು. ವೈರು ಹಳೆಯದಾಗಿ ಸುಲಿದುಹೋಗಿತ್ತು, ನಿಜ. ಆದರೆ ಆ ವೈರು ಸುಲಿದು ವರ್ಷವಾಗಿತ್ತು, ಕಾರು ಬಂದದ್ದು ಈಗ. ಟೈಲರಮ್ಮ ಎರಡನ್ನೂ ಸೇರಿಸಿ ಹೊಲಿದರು. ಮಾರನೆಯ ದಿನದಿಂದ ಹಾಲಿನವನು ಗೊತ್ತಪ್ಪನವರ ಮನೆಗೆ ಹಾಲಿನ ಪಾಕೀಟನ್ನು ದೂರದಿಂದ ಎಸೆಯತೊಡಗಿದ. ಆ ಕಡೆ ನಡೆಯುವವರು ರಬ್ಬರ್ ಚಪ್ಪಲಿ ಮೆಟ್ಟಿಕೊಂಡರು. ಪೋಸ್ಟ್ ಮಾಸ್ಟರು ಗೇಟಿನ ಮೇಲೆ ಹಳೆಯ ಟೈರಿನ ತುಂಡೊಂದನ್ನು ಹಾಸಿ, ಅದರ ಮೇಲೆ ಮೊಣಕೈ ಇಟ್ಟು ಸೇವೆ ಮುಂದುವರಿಸಿದರು.

“ಏನ್ರೀ ಇದು, ಅಪಾಯ ಏನಾದ್ರೂ ಇದೆಯಾ?” ಎಂದು ಟೈಲರಮ್ಮ ಒಂದು ದಿನ ಗೊತ್ತಪ್ಪನವರನ್ನು ಅಡ್ಡಗಟ್ಟಿ ಕೇಳಿದರು.

“ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ,” ಅಂದರು ಗೊತ್ತಪ್ಪನವರು. “ಮಳೆಗಾಲದಲ್ಲಿ ಸ್ವಲ್ಪ ನೋಡ್ಕೋಬೇಕು.”

ಅವರು ಸಮಾಧಾನಕ್ಕೆಂದೇ ಹೇಳಿದ್ದು. ಟೈಲರಮ್ಮ ಅಲ್ಲಿಂದ ನೇರವಾಗಿ ಕರೆಂಟ್ ಆಫೀಸಿಗೆ ಹೋದರು.

ಕರೆಂಟ್ ಆಫೀಸಿನ ಸಾಹೇಬರು ಹೊಸಬರು, ಉತ್ಸಾಹಿ. ಬೀದಿಯಲ್ಲಿ ಲೀಕೇಜು ಅಂದದ್ದಷ್ಟೇ ಅವರ ಕಿವಿಗೆ ಬಿದ್ದದ್ದು. ಇಬ್ಬರು ಲೈನ್‌ಮನ್‌ಗಳನ್ನು ಕರೆದುಕೊಂಡು, ಏಣಿ ಹೊರಿಸಿಕೊಂಡು ಬಂದರು. ಕಂಬದ ಬುಡದಲ್ಲಿ ಕಾರು ನೋಡಿ ಅವರ ಹುಬ್ಬು ಏರಿತು. ಗೊತ್ತಪ್ಪನವರನ್ನು ಅಂಗಡಿಯಿಂದ ಕರೆಸಿದರು.

“ನಿಮ್ಮ ಗಾಡಿಗೂ ನಮ್ಮ ಲೈನಿಗೂ ಏನಾದ್ರೂ ಸಂಬಂಧ ಇದೆಯಾ?”

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಸುತ್ತ ಇಡೀ ಬೀದಿ ನಿಂತಿತ್ತು, ಸಾಹೇಬರು ವಿದ್ಯಾವಂತರ ಹಾಗೆ ಕಾಣುತ್ತಿದ್ದರು. ಒಂದೇ ಮಾತಿನ ಉತ್ತರ ಗೊತ್ತಪ್ಪನವರಿಗೆ ತೀರಾ ಸಪ್ಪೆ ಎನಿಸಿತು.

“ಮೂಲದಲ್ಲಿ ನೋಡಿದ್ರೆ ಎಲ್ಲ ಕರೆಂಟೂ ಒಂದೇ ಅಲ್ವಾ ಸಾರ್,” ಎಂದರು.

ಸಾಹೇಬರು ಲೈನ್‌ಮನ್ ಕಡೆ ತಿರುಗಿ, “ಫ್ಯೂಸ್ ಕೀಳು,” ಅಂದರು.

ಇಡೀ ಬೀದಿಗೆ ಬೆಳಗಿನಿಂದ ಸಂಜೆಯವರೆಗೆ ಕರೆಂಟಿಲ್ಲ. ಲೈನ್‌ಮನ್‌ಗಳು ಮನೆಮನೆಯ ತಂತಿ ಎಳೆದು ನೋಡಿದರು. ಟೈಲರಮ್ಮನ ಕೈಯಲ್ಲಿದ್ದ ಎರಡು ಜೊತೆ ಬಟ್ಟೆ ಹೊತ್ತಿಗೆ ಸರಿಯಾಗಿ ಮುಗಿಯದೆ, ಗಿರಾಕಿಗಳು ಬಂದು ಅವರ ಮಾನ ತೆಗೆದರು. ಇಷ್ಟೆಲ್ಲ ಹುಡುಕಿದ ಮೇಲೆ ಸಿಕ್ಕಿದ್ದು ಒಂದೇ ಲೀಕೇಜು: ಪೋಸ್ಟ್ ಮಾಸ್ಟರ ಗೇಟಿನ ದೀಪಕ್ಕೆ ಹೋಗುತ್ತಿದ್ದ ಸಣ್ಣ ತಂತಿ, ಅವರ ಮೀಟರಿನ ಗೊಡವೆಯೇ ಇಲ್ಲದೆ ನೇರವಾಗಿ ಬೀದಿದೀಪದ ಕಂಬವನ್ನೇರಿತ್ತು.

“ಇದು ಯಾವಾಗ ಹೀಗಾಯ್ತೋ ನಂಗೊತ್ತೇ ಇಲ್ಲ,” ಎಂದರು ಪೋಸ್ಟ್ ಮಾಸ್ಟರು, ತಂತಿಯನ್ನು ಇದೇ ಮೊದಲ ಸಲ ನೋಡುವವರ ಹಾಗೆ. “ಬಳ್ಳಿ ಅಂದ್ಕೊಂಡಿದ್ದೆ.”

ಸಾಹೇಬರು ಅವರಿಗೆ ದಂಡ ಹಾಕಿ, ಗೊತ್ತಪ್ಪನವರಿಗೆ ತಾಕೀತು ಮಾಡಿದರು: “ಭಾನುವಾರ ಸಂಜೆ ಮತ್ತೆ ಬರ್ತೀನಿ. ಅಷ್ಟರೊಳಗೆ ಗಾಡಿ ತೊಂದರೆ ಏನು ಅಂತ ಪತ್ತೆಮಾಡಿ ಎಲ್ಲರ ಎದುರಿಗೆ ಹೇಳಿ. ಇಲ್ಲ ಅಂದ್ರೆ ಕಂಬದ ಹತ್ತಿರ ಗಾಡಿ ನಿಲ್ಲಿಸೋಕೆ ಬಿಡಲ್ಲ.” ಬೇರೆ ಎಲ್ಲೂ ನಿಲ್ಲಿಸಲು ಜಾಗವಿರಲಿಲ್ಲ. ಅಂದರೆ ಗಾಡಿ ಮಾರಬೇಕು. ಪೋಸ್ಟ್ ಮಾಸ್ಟರು ಅಲ್ಲೇ ನಿಂತು, ತಮಗೆ ಪರಿಚಯದ ಗುಜರಿಯವನೊಬ್ಬನಿದ್ದಾನೆ, ಭಾನುವಾರ ಅವನನ್ನೂ ಕರೆತರುತ್ತೇನೆ ಎಂದು ಘೋಷಿಸಿದರು.

ಮನೆಯಲ್ಲಿ ಅವತ್ತು ಯಾರಿಗೂ ಊಟ ಸೇರಲಿಲ್ಲ. ತಾಯಿ ತಟ್ಟೆಯಲ್ಲಿ ಬೆರಳಾಡಿಸುತ್ತ, “ನಿಜವಾಗ್ಲೂ ಮಾರ್ತೀಯೇನೋ?” ಎಂದರು. ಹೆಂಡತಿ ಒಲೆಯ ಕಡೆ ತಿರುಗಿ ನಿಂತಿದ್ದಳು. ಅತ್ತೆ ಸೊಸೆ ಇಬ್ಬರಿಗೂ ಆ ಹಳೇ ಗಾಡಿಯ ಮೇಲೆ ಇಷ್ಟು ಮಮತೆಯೇಕೆಂದು ಗೊತ್ತಪ್ಪನವರಿಗೆ ಅರ್ಥವಾಗಲಿಲ್ಲ. ಆದರೂ, “ನಿಮ್ಮ ಸಂಕಟ ನಂಗೊತ್ತು,” ಅಂದರು.

ಮಾರನೆಯ ದಿನ ಮೆಕ್ಯಾನಿಕ್ ಬಂದ. ಇವನು ಆ ಗಾಡಿಯನ್ನು ಅದುವರೆಗೆ ಮೂರು ಸಲ ನೋಡಿದ್ದ, ಮೂರು ಸಲವೂ ಬೇರೆ ಬೇರೆ ರೋಗ ಹೇಳಿದ್ದ. ಈ ಸಲ ಒಂದು ಮೀಟರು ತಂದು, ಬ್ಯಾಟರಿಯ ತಂತಿ ಬಿಚ್ಚಿ ನಡುವೆ ಸಿಕ್ಕಿಸಿ, ಎಲ್ಲ ಬಾಗಿಲೂ ಮುಚ್ಚಿ ಕಾದ. ಮುಳ್ಳು ಅಲ್ಲಾಡಲಿಲ್ಲ. ಇಂಜಿನ್ ಓಡಿಸಿ ನೋಡಿದ. ಬ್ಯಾಟರಿ ಚೆನ್ನಾಗಿಯೇ ಚಾರ್ಜ್ ಆಗುತ್ತಿತ್ತು. ಅವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟೈರಿಗೆ ಕಾಲಲ್ಲಿ ಒಂದು ಸಲ ಒದ್ದು, ಸೋತವನ ಹಾಗೆ ಕೂತ.

“ಗಾಡಿ ಮಲಗಿರುವಾಗ ಏನೂ ಕುಡೀತಿಲ್ಲ ಸಾರ್. ನೀವಿಲ್ಲದಾಗ ಯಾರೋ ಎಬ್ಬಿಸಿ ಕುಡಿಸ್ತಿದಾರೆ.”

“ಗೊತ್ತು,” ಅಂದರು ಗೊತ್ತಪ್ಪನವರು ತಕ್ಷಣ. “ನಂಗೂ ಅದೇ ಅನುಮಾನ.”

ಅನುಮಾನ ಆ ಕ್ಷಣದಲ್ಲಿ ಹುಟ್ಟಿದ್ದು. ಆದರೆ ಹುಟ್ಟಿದ್ದೇ ತಡ, ಅದು ಪೋಸ್ಟ್ ಮಾಸ್ಟರ ಗೇಟಿನ ಕಡೆ ಓಡಿತು. ಕಂಬದಿಂದ ಕರೆಂಟು ಎಳೆದವರು ಕಾರಿನಿಂದ ಎಳೆಯಲಾರರೇ? ಕಳ್ಳನನ್ನು ಕೈಯಾರೆ ಹಿಡಿದು ಭಾನುವಾರ ಸಾಹೇಬರ ಮುಂದೆ ನಿಲ್ಲಿಸಬೇಕು. ಶನಿವಾರ ಬೆಳಿಗ್ಗೆ ಗೊತ್ತಪ್ಪನವರು ಎಂದಿನಂತೆ ಚೀಲ ಹಿಡಿದು ಅಂಗಡಿಗೆ ಹೊರಟರು. ಬೀದಿಯ ತಿರುವಿನವರೆಗೂ ಹೋಗಿ, ಹಿಂದಿನ ಓಣಿಯಿಂದ ವಾಪಸು ಬಂದು, ಹಿಂದಿನ ರಾತ್ರಿಯೇ ಬೀಗ ಹಾಕದೆ ಬಿಟ್ಟಿದ್ದ ಕಾರಿನ ಹಿಂಬಾಗಿಲನ್ನು ಯಾರೂ ನೋಡದ ಹಾಗೆ ತೆರೆದು ಒಳನುಗ್ಗಿದರು. ಎರಡು ಸೀಟಿನ ಸಾಲುಗಳ ನಡುವಿನ ಸಂದಿಯಲ್ಲಿ ಮೊಣಕಾಲು ಮಡಚಿ ಮಲಗಿ, ಚೀಲದಲ್ಲಿ ತಂದಿದ್ದ ಬೂದುಬಣ್ಣದ ಕಂಬಳಿಯನ್ನು ತಲೆಯಿಂದ ಕಾಲಿನವರೆಗೆ ಎಳೆದುಕೊಂಡರು. ಕನ್ನಡಕ ತೆಗೆದು ಜೇಬಿಗೆ ಸೇರಿಸಿದರು. ಕಳ್ಳನನ್ನು ಹಿಡಿಯುವ ಹೊತ್ತಿಗೆ ಕನ್ನಡಕ ಒಡೆದರೆ ಅವರ ಅಂಗಡಿಗೇ ಅವಮಾನ.

ಕಂಬಳಿಯೊಳಗೆ ಬಿಸಿ ಏರಿತು. ಬಲಗಾಲು ಜೋಮು ಹಿಡಿಯಿತು. ಇನ್ನೇನು ಎದ್ದುಬಿಡಬೇಕು ಅನ್ನುವಷ್ಟರಲ್ಲಿ ಮುಂದಿನ ಬಾಗಿಲಿನ ಬೀಗ ತೆರೆದ ಸದ್ದಾಯಿತು. ಯಾರೋ ಸ್ಟೀರಿಂಗಿನ ಹಿಂದೆ ಕೂತರು, ಉಸ್ಸಪ್ಪಾ ಎಂದರು. ಕೀಲಿ ಅರ್ಧ ತಿರುಗಿತು. ರೇಡಿಯೋ ಗಟ್ಟಿಯಾಗಿ, ಕಿವಿ ಹರಿಯುವಷ್ಟು ಗಟ್ಟಿಯಾಗಿ, ದನಗಳ ಕಾಲುಬಾಯಿ ರೋಗದ ಬಗ್ಗೆ ಮಾತಾಡತೊಡಗಿತು.

ಗೊತ್ತಪ್ಪನವರು ಕಂಬಳಿಯ ಅಂಚು ಒಂದಿಷ್ಟು ಸರಿಸಿ ಇಣುಕಿದರು. ಸೀಟಿನ ಮೇಲಿಂದ ಬಿಳಿಯ ತುರುಬೊಂದು ಕಂಡಿತು. ಆ ತುರುಬು ಅವರು ಹುಟ್ಟಿದಾಗಿನಿಂದ ಬಲ್ಲದ್ದು, ಆಗ ಕಪ್ಪಗಿತ್ತು ಅಷ್ಟೇ.

ಅಮ್ಮ ಎಂದು ಕೂಗಲು ಬಾಯಿ ತೆರೆದರು. ತಾಯಿ ಸೀಟನ್ನು ಹಿಂದಕ್ಕೆ ಬಾಗಿಸಿದರು. ಸೀಟಿನ ಬೆನ್ನು ಗೊತ್ತಪ್ಪನವರ ಎದೆಯ ಮೇಲೆ ಬಂದು ಕೂತು, ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಸ್ವಲ್ಪ ಹೊತ್ತಿಗೆ ಇನ್ನೊಂದು ಬಾಗಿಲು ತೆರೆಯಿತು.

“ಅಯ್ಯೋ, ಅತ್ತೆ.”

ರೇಡಿಯೋ ಥಟ್ಟನೆ ಸಣ್ಣದಾಯಿತು. ಹೊರಗೆ ನಿಂತವಳು ಗೊತ್ತಪ್ಪನವರ ಹೆಂಡತಿ. ಬೆಕ್ಕೂ ಬೆಕ್ಕೂ ಒಂದೇ ಹಾಲಿನ ಪಾತ್ರೆಯ ಹತ್ತಿರ ಎದುರಾದ ಹಾಗೆ ಇದ್ದಿರಬೇಕು ಅವರ ಮುಖ, ಗೊತ್ತಪ್ಪನವರಿಗೆ ಕಾಣಲಿಲ್ಲ.

“ಒಳಗೆ ಬಾ, ಬಾಗಿಲು ಹಾಕು,” ಎಂದರು ತಾಯಿ. “ಕೀಲಿ ಮೊಳೆ ಮೇಲೆ ಇಲ್ಲದ್ದು ನೋಡಿ ಬಂದ್ಯಾ?”

“ಹೂಂ. ನೀವು ಸ್ನಾನಕ್ಕೆ ಹೋಗಿದೀರ ಅಂದ್ಕೊಂಡೆ. ನಾನು ದಿನಾ ನೀವು ಸ್ನಾನಕ್ಕೆ ಹೋದಾಗ ಬರ್ತೀನಿ.”

“ನೀನು ಮಧ್ಯಾಹ್ನ ಮಲಗಿದಾಗ ನಾನು ಬರ್ತೀನಿ. ಇವತ್ತು ಮೊದಲೇ ಬಂದೆ. ಇನ್ನು ನಾಳೆ ಇರುತ್ತೋ ಇಲ್ಲವೋ ಅಂತ.” ತಾಯಿ ಮತ್ತೆ ಕೇಳಿದರು, “ನೀನು ಯಾಕೆ ಬರ್ತೀಯ?”

“ಹಾಡೋಕೆ.”

“ಏನು?”

“ಹಾಡೋಕೆ,” ಎಂದಳು ಹೆಂಡತಿ, ಸ್ವಲ್ಪ ಗಟ್ಟಿಯಾಗಿ. “ರೇಡಿಯೋದಲ್ಲಿ ಹಾಡು ಬಂದ್ರೆ ಜೊತೇಲಿ ಹಾಡ್ತೀನಿ. ಮನೇಲಿ ಹಾಡಿದ್ರೆ ನಿಮಗೆ ನಿದ್ದೆ ಕೆಡುತ್ತೆ ಅಂತ ಬಿಟ್ಟೇ ಬಿಟ್ಟಿದ್ದೆ.”

“ನಂಗೆ ಕಿವೀನೇ ಸರಿಯಾಗಿ ಕೇಳಲ್ಲ, ನಿದ್ದೆ ಎಲ್ಲಿ ಕೆಡುತ್ತೆ? ರೇಡಿಯೋ ಜೋರಾಗಿ ಇಟ್ರೆ ನಿನಗೆ ತಲೆನೋವು ಬರುತ್ತೆ ಅಂತ ನಾನು ಇಲ್ಲಿ ಬರ್ತೀನಿ. ಬಾಯಿಬಿಟ್ಟು ಹೇಳಲ್ಲ ನೀನು, ಮುಖ ಮಾತ್ರ ಸಿಂಡರಿಸ್ತೀಯ.”

“ನಾನೇನೂ ಸಿಂಡರಿಸಲ್ಲ.”

“ಈಗಲೂ ಸಿಂಡರಿಸ್ತಿದೀಯ.”

ಇಬ್ಬರೂ ನಕ್ಕರು. ಆ ಮನೆಯಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ಗೊತ್ತಪ್ಪನವರು ಯಾವತ್ತೂ ಕೇಳಿರಲಿಲ್ಲ. ಕೇಳಿಸಿಕೊಳ್ಳುತ್ತ ಅವರಿಗೆ ಕಾಲಿನ ಜೋಮು ಮರೆತುಹೋಯಿತು.

“ಅತ್ತೆ, ಒಂದು ಮಾತು. ಈ ಬ್ಯಾಟರಿ ಹೋಗ್ತಿರೋದು ನಮ್ಮಿಂದಲೇ ಇರಬಹುದಾ?”

“ನಂಗೂ ಒಳಗೊಳಗೇ ಹಾಗನ್ಸುತ್ತೆ. ಆದ್ರೆ ಕೀಲಿ ಅರ್ಧ ತಿರುಗಿಸಿದ್ರೆ ಪೆಟ್ರೋಲ್ ಖರ್ಚೇ ಇಲ್ಲ, ಎಷ್ಟು ಹೊತ್ತಾದ್ರೂ ಕೇಳಿ ಅಂತ ಅವನೇ ತೋರಿಸಿಕೊಟ್ಟಿದ್ದಲ್ಲ. ಈ ಗುಂಡಿ ಒತ್ತಿದ್ರೆ ಗಾಳಿ ಬರುತ್ತೆ ಅಂತಲೂ ಹೇಳಿದ್ದ. ದಿನಾ ಒತ್ತುತ್ತೀನಿ, ಗಾಳಿ ಮಾತ್ರ ಬಂದಿಲ್ಲ.”

ತಾಯಿ ಗುಂಡಿ ಒತ್ತಿದರು. ಉರಿಬಿಸಿಲಿನಲ್ಲಿ ಕಾರಿನ ಮುಂದಿನ ಎರಡೂ ದೀಪ ಹತ್ತಿ, ಗೋಡೆಯ ಮೇಲೆ ಇದೆಯೋ ಇಲ್ಲವೋ ಅನ್ನುವಷ್ಟು ಬೆಳಕು ಬಿತ್ತು. ಅವರಿಬ್ಬರೂ ಅದನ್ನು ಗಮನಿಸಲಿಲ್ಲ. ಕಂಬಳಿಯೊಳಗಿದ್ದವರಿಗೆ ಆ ಗುಂಡಿಯ ಸದ್ದಿನ ಪರಿಚಯವಿತ್ತು. ಅವರು ಕಣ್ಣು ಮುಚ್ಚಿಕೊಂಡರು.

“ಅವರಿಗೆ ಹೇಳಿಬಿಡೋಣ ಅಂತಿದ್ದೆ,” ಎಂದಳು ಹೆಂಡತಿ. “ಅಷ್ಟರಲ್ಲಿ ಲೀಕೇಜು ಅಂತ ಊರಿಗೆಲ್ಲ ಹೇಳಿಬಿಟ್ಟಿದ್ರು. ಅವರು ಅಂದ ಮೇಲೆ ನಾನು ಹೇಗೆ ಅಲ್ಲ ಅನ್ನಲಿ? ಯಾಕತ್ತೆ ಅವರು ಹಾಗೆ? ಗೊತ್ತಿಲ್ಲ ಅಂದ್ರೆ ಏನು ಹೋಗುತ್ತೆ?”

ರೇಡಿಯೋ ದನಗಳನ್ನು ಮುಗಿಸಿ ಹವಾಮಾನಕ್ಕೆ ಬಂದಿತ್ತು.

“ಅವರಪ್ಪ ತೀರಿಕೊಂಡಾಗ ಅವನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ನಾನು ಅಂಗಡಿ ಬಾಗಿಲಲ್ಲಿ ಕೂತು ಅಳ್ತಿದ್ದೆ. ಗಾಜು ತಿಕ್ಕೋದು ಯಾರಿಗೆ ಗೊತ್ತು, ಲೆಕ್ಕ ಇಡೋದು ಯಾರಿಗೆ ಗೊತ್ತು ಅಂತ. ಇವನು ಬಂದು, ‘ನಂಗೆಲ್ಲ ಗೊತ್ತು ಅಮ್ಮ, ನೀನು ಏಳು’ ಅಂದ. ಏನೂ ಗೊತ್ತಿರಲಿಲ್ಲ ಪಾಪ. ಆದ್ರೆ ಆ ಮಾತು ಕೇಳಿ ನಾನು ಎದ್ದೆ ಕಣೇ. ಆಮೇಲೆ ಅವನಿಗೆ ಆ ಮಾತು ಬಿಡೋಕೆ ಆಗಲೇ ಇಲ್ಲ.”

ಕಂಬಳಿಯೊಳಗೆ ಒಂದು ಸಣ್ಣ ಸದ್ದಾಯಿತು. ಹೆಂಡತಿ ತಿರುಗಿ ನೋಡಿದಳು.

“ಈ ಕಂಬಳಿ ಇಲ್ಲಿ ಯಾಕಿದೆ?”

“ಬ್ಯಾಟರಿಗೆ ಚಳಿ ಆಗ್ಬಾರದು ಅಂತ ತಂದು ಹಾಕಿರ್ತಾನೆ ಬಿಡು,” ಎಂದರು ತಾಯಿ. “ನೀನು ಹಾಡು. ಹತ್ತಿರ ಬಂದು ಹಾಡು, ಕೇಳಿಸಲ್ಲ.”

ಹೆಂಡತಿ ಹಾಡಿದಳು. ರೇಡಿಯೋ ಸಾಯುವವರೆಗೂ ಹಾಡಿದಳು, ಸತ್ತ ಮೇಲೂ ಒಂದು ಚರಣ ಹಾಡಿದಳು. ಇಬ್ಬರೂ ಇಳಿದು ಹೋದ ಎಷ್ಟೋ ಹೊತ್ತಿನ ಮೇಲೆ ಗೊತ್ತಪ್ಪನವರು ಹೊರಬಂದು, ಒಂದು ಕಾಲು ಎಳೆದುಕೊಂಡು, ಕನ್ನಡಕ ಹಾಕಿಕೊಳ್ಳುವುದನ್ನೂ ಮರೆತು, ಮಸುಕು ಮಸುಕಾದ ಬೀದಿಯಲ್ಲಿ ಅಂಗಡಿಯ ಕಡೆ ನಡೆದರು.

ಭಾನುವಾರ ಸಂಜೆ ಬೀದಿ ತುಂಬಿತ್ತು. ಸಾಹೇಬರಿಗೆ ಕುರ್ಚಿ ಹಾಕಿದ್ದರು. ಪೋಸ್ಟ್ ಮಾಸ್ಟರು ಗುಜರಿಯವನನ್ನು ಕರೆತಂದಿದ್ದರು. ಅವನು ಆಗಲೇ ಕಾರಿನ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ ತಗಡಿನ ದಪ್ಪ ನೋಡುತ್ತಿದ್ದ. ಗೊತ್ತಪ್ಪನವರ ಮನೆಯ ಕಿಟಕಿಯಲ್ಲಿ ಎರಡು ತಲೆ, ಒಂದು ಬಿಳಿ, ಒಂದು ಕಪ್ಪು.

“ಏನು ಪತ್ತೆಯಾಯ್ತು?” ಎಂದರು ಸಾಹೇಬರು.

ಗೊತ್ತಪ್ಪನವರು ಗಂಟಲು ಸರಿಮಾಡಿಕೊಂಡರು. “ದೀಪ,” ಎಂದರು. “ಗಾಡಿ ದೀಪ ಆರಿಸೋದು ನಾನು ಮರೀತಿದ್ದೆ.”

“ಒಂದು ದಿನಾನಾ?” ಎಂದರು ಪೋಸ್ಟ್ ಮಾಸ್ಟರು.

“ದಿನಾನೂ.”

“ಮತ್ತೆ ರೇಡಿಯೋ ಸದ್ದು ಕೇಳಿಸ್ತಿತ್ತಲ್ಲ ನಮ್ಮ ಗೇಟಿನವರೆಗೆ?”

“ಅದನ್ನೂ ನಾನೇ ಮರೆತಿದ್ದು.”

ಕಿಟಕಿಯ ಎರಡು ತಲೆಗಳು ಒಂದನ್ನೊಂದು ನೋಡಿಕೊಂಡವು.

ಟೈಲರಮ್ಮ ಮುಂದೆ ಬಂದರು. “ಹಾಗಾದ್ರೆ ಲೀಕೇಜು ಅಂದ್ರಲ್ಲ, ಅದೇನು?”

ಗೊತ್ತಪ್ಪನವರು ಬೀದಿಯನ್ನು ಒಮ್ಮೆ ನೋಡಿದರು, ಕಿಟಕಿಯನ್ನು ಒಮ್ಮೆ ನೋಡಿದರು.

“ಗೊತ್ತಿಲ್ಲ,” ಎಂದರು.

ಅಲ್ಲಿ ಸೇರಿದವರಲ್ಲಿ ಹಲವರು ಅವರನ್ನು ಇಪ್ಪತ್ತು ವರ್ಷದಿಂದ ಬಲ್ಲವರು. ಹಾಲಿನವನು ಪಕ್ಕದವನನ್ನು ತಿವಿದು, “ಏನಂದ್ರು?” ಎಂದು ಕೇಳಿದ.

“ಗಾಡಿ ಬಗ್ಗೆ ನಂಗೇನೂ ಗೊತ್ತಿಲ್ಲ,” ಎಂದರು ಗೊತ್ತಪ್ಪನವರು, ಈ ಸಲ ಸ್ವಲ್ಪ ಸಲೀಸಾಗಿ. “ಅವತ್ತು ಬಾನೆಟ್ ಎತ್ತಿ ನೋಡಿದ್ದು ಸುಮ್ಮನೆ. ಒಳಗೆ ಯಾವುದು ಏನು ಅಂತ ಇವತ್ತಿಗೂ ಗೊತ್ತಿಲ್ಲ.”

ಪೋಸ್ಟ್ ಮಾಸ್ಟರ ಮುಖದಲ್ಲಿ ಮೊದಲು ಜಯ ಕಂಡಿತು, ಆಮೇಲೆ ಗಾಬರಿ. ಅವರು ಓಡಿ ಬಂದು ಗೊತ್ತಪ್ಪನವರ ತೋಳು ಹಿಡಿದುಕೊಂಡರು. “ಇವರಿಗೆ ಹುಷಾರಿಲ್ಲ ಅನ್ಸುತ್ತೆ. ಸಾಹೇಬ್ರೆ, ಸ್ವಲ್ಪ ಏಳಿ, ಕುರ್ಚಿ ಬೇಕು.” ಟೈಲರಮ್ಮ ನೀರು ತಂದರು. ಲೀಕೇಜಿನ ಭಯ ಹುಟ್ಟಿದ ಮೇಲೆ ಮೊದಲ ಸಲ ಜನ ಅವರ ಹತ್ತಿರ, ಅವರ ಗಾಡಿಗೆ ಒರಗಿ ನಿಂತರು.

“ನಿಜ ಹೇಳ್ಬೇಕಂದ್ರೆ,” ಎಂದರು ಕುರ್ಚಿ ಕಳೆದುಕೊಂಡ ಸಾಹೇಬರು, “ಕಾರಿನ ವಿಷಯ ನಂಗೂ ಅಷ್ಟಾಗಿ ಗೊತ್ತಿಲ್ಲ. ಫ್ಯೂಸ್ ಕೀಳಿಸಿದ್ದು ಸ್ವಲ್ಪ ಆತುರವಾಯ್ತು.” ಟೈಲರಮ್ಮ ತಮ್ಮ ಯಂತ್ರದ ವೈರು ಸುಲಿದ ವಿಷಯ ಒಪ್ಪಿಕೊಂಡರು. ಪೋಸ್ಟ್ ಮಾಸ್ಟರು ಮಾತ್ರ ಬಳ್ಳಿಯ ವಿಷಯದಲ್ಲಿ ಕದಲಲಿಲ್ಲ. ಗುಜರಿಯವನು ಬಂದ ದಾರಿಗೆ ಸುಂಕವಿಲ್ಲವೆಂದು ಗೊಣಗುತ್ತ ಹೊರಟುಹೋದ. ಕೊನೆಗೆ, ಇಷ್ಟು ಜನ ಸೇರಿದ್ದೀವಲ್ಲ ಎಂದು ಎಲ್ಲರೂ ಸೇರಿ ಗಾಡಿ ತಳ್ಳಿ ಎಬ್ಬಿಸಿದರು. ಸಾಹೇಬರೂ ಒಂದು ಕೈ ಹಾಕಿದರು.

ಮನೆಯೊಳಗೆ ಆ ವಿಷಯವನ್ನು ಯಾರೂ ಎತ್ತಲಿಲ್ಲ. ತಾಯಿ ಮಗನ ತಟ್ಟೆಗೆ ಬೇಡವೆಂದರೂ ಮತ್ತೊಂದು ಸಲ ಬಡಿಸಿದರು. ಹೆಂಡತಿ ಹಾಸಿಗೆ ಹಾಸುವಾಗ, ಬೂದು ಕಂಬಳಿಗೆ ಅಂಟಿಕೊಂಡಿದ್ದ ಅಂಗಿಯ ಗುಂಡಿಯೊಂದನ್ನು ಬಿಡಿಸಿ, ಗಂಡನ ಮುಖವನ್ನು ಒಂದು ಗಳಿಗೆ ನೋಡಿ, ಸೂಜಿ ದಾರ ಹುಡುಕಲು ಹೋದಳು.

ಎರಡು ದಿನ ಬಿಟ್ಟು ಗೊತ್ತಪ್ಪನವರು ಅಂಗಡಿಯಿಂದ ಬರುವಾಗ ಒಂದು ಹೊಸ ರೇಡಿಯೋ ತಂದರು. ಅದನ್ನು ನಡುಮನೆಯ ಮೇಜಿನ ಮೇಲಿಟ್ಟು, ಗೋಡೆಗೆ ಪ್ಲಗ್ ಸಿಕ್ಕಿಸಿ, “ಇದಕ್ಕೆ ಬ್ಯಾಟರಿ ಬೇಡ. ಎಷ್ಟು ಜೋರಾಗಿ ಬೇಕಾದ್ರೂ ಇಟ್ಕೊಳ್ಳಿ, ಜೊತೇಲಿ ಹಾಡ್ಕೊಳ್ಳಿ. ನಂಗೇನೂ...” ಎಂದು ತಡವರಿಸಿ, “ನಂಗೇನೂ ತೊಂದರೆಯಿಲ್ಲ,” ಎಂದು ಮುಗಿಸಿದರು.

ಅತ್ತೆ ಸೊಸೆ ರೇಡಿಯೋವನ್ನು ಮುಟ್ಟಿ ನೋಡಿದರು. ತಾಯಿ ಗುಂಡಿ ತಿರುಗಿಸಿ, ಎತ್ತಿ ಇಳಿಸಿ, ಕಿವಿಯ ಹತ್ತಿರ ಹಿಡಿದು ಕೇಳಿದರು. ಹೆಂಡತಿ ಸೆರಗಿನಿಂದ ಅದರ ಮೇಲಿನ ಧೂಳಿಲ್ಲದ ಜಾಗವನ್ನೇ ಒರೆಸಿದಳು. ಇಬ್ಬರ ಮುಖದಲ್ಲೂ ಸಂತೋಷವಿತ್ತು; ಆದರೆ ಏನೋ ಹೇಳಬೇಕು, ಯಾರು ಹೇಳಬೇಕು ಎಂಬ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡರು.

ಕೊನೆಗೆ ತಾಯಿಯೇ ಹೇಳಿದರು.

“ರೇಡಿಯೋ ಬಹಳ ಚೆನ್ನಾಗಿದೆ ಕಣಪ್ಪ. ಆದ್ರೆ ಒಳಗೆ ಕೂತು ಹಾಕ್ಕೊಳ್ಳೋಕೆ ಇದಕ್ಕೆ ಬಾಗಿಲಿಲ್ಲವಲ್ಲ.”

ಗೊತ್ತಪ್ಪನವರು ಮೊಳೆಯ ಮೇಲಿನ ಕಾರಿನ ಕೀಲಿ ತೆಗೆದುಕೊಂಡರು. ಆಮೇಲೆ ಇಬ್ಬರನ್ನೂ ಕಾರಿನ ಹತ್ತಿರ ಕರೆದುಕೊಂಡು ಹೋಗಿ, ಗಾಳಿಯ ಗುಂಡಿ ಯಾವುದೆಂದು ಅಲ್ಲಿದ್ದ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿ ಹುಡುಕತೊಡಗಿದರು.